ಲಿಂಕ್ಡ್‌ಇನ್‌ನಲ್ಲಿ ‘ನೋಡಿದ್ದಾರೆ, ಆದ್ರೆ ರಿಪ್ಲೈ ಇಲ್ಲ’: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಹುಡುಕುತ್ತಿರುವ ಹುಡುಗರು, ಹುಡುಗಿಯರು ರೆಸ್ಯೂಮೆ ತೋರಿಸಲು ನನ್ನ ಹತ್ತಿರ ಬರುತ್ತಾರೆ. ಐದು ನಿಮಿಷ ಅದರ ಮಾತು. ಆಮೇಲೆ ಮೆಲ್ಲಗೆ ಫೋನ್ ತೆಗೆದು, ಕೆಲಸದ ಪರಿಚಯಗಳಿಗಾಗಿ ಇರುವ ಜಾಲತಾಣ ಲಿಂಕ್ಡ್‌ಇನ್‌ನ ಒಂದು ಚಾಟ್ ತೋರಿಸುತ್ತಾರೆ. “ಇಲ್ನೋಡಿ, ಅವರ ಫೋಟೊ ಕೆಳಗೆ ಬಂದಿದೆ. ಅಂದ್ರೆ ನೋಡಿದ್ದಾರೆ ಅಲ್ವಾ? ಮತ್ತೆ ಯಾಕೆ ಏನೂ ಹೇಳ್ತಿಲ್ಲ?” ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಬಾಯಿ ನೋವು ಬಂದಿದೆ. ಒಂದೇ ಕಡೆ ಬರೆದಿಟ್ಟರೆ ವಾಸಿ ಅನ್ನಿಸಿತು.

ಮೆಸೇಜ್ ಕೆಳಗೆ ಬರುವ ಆ ಪುಟ್ಟ ಫೋಟೊ ಏನು?

ಅದೇ ರೀಡ್ ರಿಸೀಟ್. ವಾಟ್ಸಾಪ್‌ನಲ್ಲಿ ಬ್ಲೂ ಟಿಕ್ ಮಾಡುವ ಕೆಲಸವನ್ನು ಲಿಂಕ್ಡ್‌ಇನ್‌ನಲ್ಲಿ ಎದುರಿನವರ ಪ್ರೊಫೈಲ್ ಫೋಟೊ ಮಾಡುತ್ತದೆ. ಅವರು ಎಲ್ಲಿಯವರೆಗೆ ನೋಡಿದ್ದಾರೋ ಆ ಮೆಸೇಜಿನ ಕೆಳಗೆ ಅವರ ಮುಖ ಕಾಳಿನಷ್ಟು ಗಾತ್ರದಲ್ಲಿ ಬಂದು ಕೂರುತ್ತದೆ.

ರಿಜಿಸ್ಟರ್ಡ್ ಪೋಸ್ಟಿಗೆ ಎ.ಡಿ. ಕಾರ್ಡ್ ಅಂಟಿಸಿ ಕಳಿಸುತ್ತಿದ್ದದ್ದು ದೊಡ್ಡವರಿಗೆ ನೆನಪಿರಬಹುದು. ಕಾಗದ ಮುಟ್ಟಿದೆ ಅಂತ ಸಹಿಯಾಗಿ ಆ ಕಾರ್ಡ್ ವಾಪಸ್ ಬರುತ್ತಿತ್ತು. ಸಹಿ ಹಾಕಿದವರು ಕವರ್ ಒಡೆದರಾ, ಒಡೆದು ಓದಿದರಾ, ಹಾಗೇ ಟಿವಿ ಮೇಲಿಟ್ಟು ಮರೆತರಾ, ಅದು ಕಾರ್ಡಿಗೆ ಗೊತ್ತಿರುತ್ತಿರಲಿಲ್ಲ. ಈ ಪುಟ್ಟ ಫೋಟೊದ ಜ್ಞಾನವೂ ಅಷ್ಟೇ.

ನಾನು ಮೆಸೇಜ್ ನೋಡಿದೆ ಅಂತ ಆ್ಯಪ್‌ಗೆ ಹೇಗೆ ಗೊತ್ತಾಗುತ್ತದೆ?

ನಿಮ್ಮ ಕಣ್ಣು ಎಲ್ಲಿದೆ ಅಂತ ಅದು ನೋಡುವುದಿಲ್ಲ. ನೀವು ಆ ಚಾಟ್ ತೆರೆದಿರಿ, ಅಷ್ಟೇ ಅದಕ್ಕೆ ಗೊತ್ತು. ತೆರೆದ ಕೂಡಲೇ ನಿಮ್ಮ ಫೋನು ಸರ್ವರ್‌ಗೆ, ಅಂದರೆ ಲಿಂಕ್ಡ್‌ಇನ್‌ನವರ ಕಂಪ್ಯೂಟರಿಗೆ, ‘ಇಲ್ಲಿಯವರೆಗೆ ನೋಡಿಯಾಯಿತು’ ಅಂತ ಒಂದು ಸಣ್ಣ ಸಂದೇಶ ಕಳಿಸುತ್ತದೆ. ಸರ್ವರ್ ಅದನ್ನು ಮೆಸೇಜ್ ಕಳಿಸಿದವರ ಫೋನಿಗೆ ದಾಟಿಸುತ್ತದೆ.

ಲಿಂಕ್ಡ್‌ಇನ್ ಶುರುವಾಗಿದ್ದು 2003ರಲ್ಲಿ. ಆಗ ಅದರ ಮೆಸೇಜ್ ಹೆಚ್ಚುಕಡಿಮೆ ಇ-ಮೇಲ್ ಥರ ಇತ್ತು. 2016ರ ಹೊತ್ತಿಗೆ ಚಾಟ್ ರೂಪಕ್ಕೆ ಬಂತು. ‘ನೋಡಿದ್ದಾರೆ’, ‘ಟೈಪ್ ಮಾಡ್ತಿದ್ದಾರೆ’ ಅನ್ನುವ ಗುರುತುಗಳು ಆ ಬದಲಾವಣೆಯ ಜೊತೆ ಬಂದವು. ಇದಕ್ಕಾಗಿ ಅವರ ಎಂಜಿನಿಯರ್‌ಗಳು ಫೋನು ಮತ್ತು ಸರ್ವರ್ ನಡುವೆ ಸದಾ ತೆರೆದಿರುವ ಒಂದು ಸಂಪರ್ಕ ಕಟ್ಟಿದರು. ಒಂದೊಂದು ಯಂತ್ರ ಲಕ್ಷಗಟ್ಟಲೆ ಸಂಪರ್ಕಗಳನ್ನು ಹಿಡಿದಿಟ್ಟುಕೊಳ್ಳುವ ಏರ್ಪಾಡು ಅದು. ಅದಿಲ್ಲದಿದ್ದರೆ ಫೋನು ಪ್ರತಿ ಕ್ಷಣ “ಏನಾದ್ರೂ ಬಂತಾ, ಏನಾದ್ರೂ ಬಂತಾ” ಅಂತ ಸರ್ವರ್ ತಲೆ ತಿನ್ನಬೇಕಾಗುತ್ತಿತ್ತು.

ಹಾಗಾದ್ರೆ ಫೋಟೊ ಬಂದಿದ್ದರೂ ಅವರು ಓದದೇ ಇರಬಹುದಾ?

ಖಂಡಿತ ಇರಬಹುದು. ಇದು ಜಾಸ್ತಿ ಆಗುವುದು ಕಂಪ್ಯೂಟರಿನಲ್ಲಿ. ಬ್ರೌಸರಿನಲ್ಲಿ ಮೆಸೇಜಿಂಗ್ ಪುಟಕ್ಕೆ ಹೋದರೆ ಎಡಗಡೆ ಪಟ್ಟಿ ಬರುತ್ತದೆ, ಬಲಗಡೆ ಎಲ್ಲಕ್ಕಿಂತ ಮೇಲಿರುವ ಚಾಟ್ ತಾನಾಗಿಯೇ ತೆರೆದುಕೊಳ್ಳುತ್ತದೆ. ಅವರು ಬಂದದ್ದು ಬೇರೆ ಯಾರದೋ ಮೆಸೇಜ್ ಹುಡುಕಲು. ನಿಮ್ಮದು ಮೇಲಿತ್ತು, ತೆರೆದುಕೊಂಡಿತು, ಮುಗೀತು. ಇತ್ತ ನೀವು ಚಹಾ ಆರಿಸಿಕೊಂಡು ‘ನೋಡಿಯೂ ಸುಮ್ಮನಿದ್ದಾರಲ್ಲ’ ಅಂತ ಕೂತಿರುತ್ತೀರಿ.

ಮೆಟ್ರೊದಲ್ಲಿ ನಿಂತುಕೊಂಡೇ ತೆರೆದವರು, ಮೀಟಿಂಗ್ ಮಧ್ಯೆ ಮೇಜಿನ ಕೆಳಗೆ ನೋಡಿದವರು, ಬೆರಳು ತಗುಲಿ ತೆರೆದುಬಿಟ್ಟವರು, ಇವರೆಲ್ಲರ ಫೋಟೊ ಒಂದೇ ಥರ ಕಾಣುತ್ತದೆ.

ಫೋಟೊ ಬಂದಿಲ್ಲ. ಅಂದ್ರೆ ನೋಡಿಲ್ಲ ಅಂತ ಅಂದುಕೊಳ್ಳಬಹುದಾ?

ಅದೂ ಆಗುವುದಿಲ್ಲ. ಇಬ್ಬರಲ್ಲಿ ಒಬ್ಬರು ಈ ಸೆಟ್ಟಿಂಗ್ ಆಫ್ ಮಾಡಿದ್ದರೂ ಫೋಟೊ ಬರುವುದಿಲ್ಲ. ಆಫ್ ಮಾಡಿರುವವರು ನೀವೇ ಇರಬಹುದು, ಯಾವತ್ತೋ ಮಾಡಿ ಮರೆತಿರಬಹುದು. ಮೊದಲು ಅದನ್ನು ನೋಡಿಕೊಳ್ಳಿ.

ಇನ್ನು ಎಷ್ಟೋ ಜನ ಮೆಸೇಜನ್ನು ಫೋನಿನ ನೋಟಿಫಿಕೇಶನ್‌ನಲ್ಲೇ ಓದುತ್ತಾರೆ. ಇ-ಮೇಲ್‌ಗೂ ಲಿಂಕ್ಡ್‌ಇನ್ ಸುದ್ದಿ ಮುಟ್ಟಿಸುತ್ತದೆ, ಕೆಲವರಿಗೆ ಅಲ್ಲಿ ಓದುವುದೇ ಅಭ್ಯಾಸ. ಚಾಟ್ ತೆರೆಯದಿದ್ದರೆ ಗುರುತು ಬೀಳುವುದಿಲ್ಲ. ಪೂರ್ತಿ ಓದಿದವರ ಫೋಟೊ ಇಲ್ಲ, ಓದದವರ ಫೋಟೊ ಇದೆ. ತಮಾಷೆಯಾಗಿದೆ ಅಲ್ವಾ?

ಮತ್ತೊಂದು ಕಾರಣ ಇನ್‌ಬಾಕ್ಸಿನ ಭಾಗಗಳು. ಕೆಲವರ ಇನ್‌ಬಾಕ್ಸ್ ‘ಫೋಕಸ್ಡ್’, ‘ಅದರ್’ ಅಂತ ಎರಡಾಗಿರುತ್ತದೆ. ಪರಿಚಯವಿಲ್ಲದವರ ಮೆಸೇಜ್ ‘ಅದರ್’ಗೆ ಬಿದ್ದಿದ್ದರೆ ಅವರು ಅತ್ತ ತಲೆ ಹಾಕುವುದು ಅಪರೂಪ.

ನನ್ನದು ಆಫ್ ಮಾಡುವುದು ಹೇಗೆ?

ಕಂಪ್ಯೂಟರಿನಲ್ಲಾದರೆ ಮೇಲಿರುವ ‘ಮಿ’ ಐಕಾನ್ ಒತ್ತಿ, ‘ಸೆಟ್ಟಿಂಗ್ಸ್ ಅಂಡ್ ಪ್ರೈವಸಿ’ಗೆ ಹೋಗಿ. ಆ್ಯಪ್‌ನಲ್ಲಾದರೆ ನಿಮ್ಮ ಫೋಟೊ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಎರಡರಲ್ಲೂ ಅಲ್ಲಿಂದ ಮುಂದೆ ‘ಡೇಟಾ ಪ್ರೈವಸಿ’. ಅದರೊಳಗೆ ‘ರೀಡ್ ರಿಸೀಟ್ಸ್ ಅಂಡ್ ಟೈಪಿಂಗ್ ಇಂಡಿಕೇಟರ್ಸ್’ ಅಂತ ಒಂದು ಸ್ವಿಚ್ ಇರುತ್ತದೆ. ನೀವು ಮುಟ್ಟದೇ ಬಿಟ್ಟಿದ್ದರೆ ಅದು ಆನ್ ಆಗಿಯೇ ಇರುತ್ತದೆ. ಸೆಟ್ಟಿಂಗ್ ಇರುವುದು ಅಕೌಂಟಿಗೆ. ಫೋನಿನಲ್ಲಿ ಒಂದು ಸಲ, ಲ್ಯಾಪ್‌ಟಾಪ್‌ನಲ್ಲಿ ಒಂದು ಸಲ ಅಂತ ಮಾಡಬೇಕಿಲ್ಲ.

ನನ್ನದು ಮುಚ್ಚಿಟ್ಟು ಅವರದ್ದು ಮಾತ್ರ ನೋಡಬಹುದಾ?

ಇಲ್ಲ. ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಇದು. ನೀವು ಆಫ್ ಮಾಡಿದರೆ ಬೇರೆಯವರದ್ದೂ ನಿಮಗೆ ಕಾಣುವುದಿಲ್ಲ.

ನನ್ನ ಮ್ಯಾನೇಜರ್ ಒಬ್ಬರಿಗೆ ಮಾತ್ರ ಕಾಣದ ಹಾಗೆ ಮಾಡಬಹುದಾ?

ಆಗಲ್ಲ. ಎಲ್ಲರಿಗೂ ಒಂದೇ ಸ್ವಿಚ್. ಈ ಪ್ರಶ್ನೆ ಕೇಳುವವರೆಲ್ಲ ಮ್ಯಾನೇಜರ್ ಹೆಸರನ್ನೇ ಎತ್ತುತ್ತಾರೆ, ಅದೊಂದು ಸೋಜಿಗ. ರೀಡ್ ರಿಸೀಟ್ ಇಟ್ಟುಕೊಂಡು ಟೈಪಿಂಗ್ ಚುಕ್ಕಿಗಳನ್ನು ಮಾತ್ರ ತೆಗೆಯುತ್ತೇನೆ ಅಂದರೂ ಆಗುವುದಿಲ್ಲ. ಎರಡೂ ಜೋಡಿ ಎತ್ತು.

ಇನ್‌ಮೇಲ್‌ನಲ್ಲೂ ಇದೇ ನಿಯಮವಾ?

ಸ್ವಲ್ಪ ಬೇರೆ. ದುಡ್ಡು ಕೊಟ್ಟು ಪ್ರೀಮಿಯಂ ತೆಗೆದುಕೊಂಡವರು ತಮ್ಮ ಜೊತೆ ಕನೆಕ್ಷನ್ (ಇಬ್ಬರೂ ಒಪ್ಪಿ ಮಾಡಿಕೊಂಡ ಪರಿಚಯ) ಇಲ್ಲದವರಿಗೆ ಕಳಿಸುವ ಮೆಸೇಜ್ ಇನ್‌ಮೇಲ್. ಬೆಂಗಳೂರಿನಲ್ಲಿ ಎರಡು ಮೂರು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವರಿಗೆ, ಕಂಪನಿಗಳಿಗೆ ಜನ ಹುಡುಕುವ ರಿಕ್ರೂಟರ್‌ಗಳಿಂದ ಒಂದಲ್ಲ ಒಂದು ಬಂದೇ ಇರುತ್ತದೆ. ಇನ್‌ಮೇಲ್ ಆಗಲಿ, ಅಪರಿಚಿತರ ಮೆಸೇಜ್ ರಿಕ್ವೆಸ್ಟ್ ಆಗಲಿ, ನೀವು ಒಪ್ಪಿಕೊಳ್ಳುವವರೆಗೆ ಅಥವಾ ಉತ್ತರ ಕೊಡುವವರೆಗೆ ನೀವು ನೋಡಿದ್ದು ಅವರಿಗೆ ಕಾಣುವುದಿಲ್ಲ. ಸುಮ್ನೆ ತೆರೆದು ಓದಿ, ಭಯ ಬೇಡ.

ಇಲ್ಲಿ ಜನಕ್ಕೆ ಗೊತ್ತಿಲ್ಲದ ಒಂದು ವಿಷಯವಿದೆ. ಇನ್‌ಮೇಲ್ ಕಳಿಸಲು ಕ್ರೆಡಿಟ್, ಅಂದರೆ ಎಣಿಸಿ ಕೊಟ್ಟ ಟೋಕನ್ ಥರದ್ದು, ಬೇಕು. ಕಳಿಸಿದ 90 ದಿನಗಳ ಒಳಗೆ ನೀವು ಉತ್ತರ ಕೊಟ್ಟರೆ ಆ ಕ್ರೆಡಿಟ್ ಅವರಿಗೆ ವಾಪಸ್ ಸಿಗುತ್ತದೆ. ಉತ್ತರ ‘ಬೇಡ’ ಅಂತಿದ್ದರೂ ಸಿಗುತ್ತದೆ. ಅದಕ್ಕೇ ನಿಮಗೆ ಆಸಕ್ತಿ ಇಲ್ಲದಿದ್ದರೂ ‘ಬೇಡ’ ಒತ್ತಿಬಿಡುವುದು ಒಂದು ಸಣ್ಣ ಉಪಕಾರ. ನಾಳೆ ಅದೇ ರಿಕ್ರೂಟರ್ ಬೇರೆ ಕಂಪನಿಯಲ್ಲಿ ಕೂತು ನಿಮ್ಮ ರೆಸ್ಯೂಮೆ ನೋಡಬಹುದು.

ಕನೆಕ್ಷನ್ ರಿಕ್ವೆಸ್ಟ್ ಜೊತೆ ನೋಟ್ ಬರೆದಿದ್ದೆ. ಅದನ್ನು ಓದಿದರಾ ಅಂತ ತಿಳಿಯುತ್ತದಾ?

ತಿಳಿಯುವುದಿಲ್ಲ. ಒಪ್ಪಿಕೊಂಡರೆ ಒಪ್ಪಿಕೊಂಡರು, ಅಷ್ಟೇ. ಬೇಸರ ಬಂದು ರಿಕ್ವೆಸ್ಟ್ ಹಿಂದೆ ತೆಗೆದುಕೊಂಡರೆ ಅದೇ ವ್ಯಕ್ತಿಗೆ ಮತ್ತೆ ಕಳಿಸಲು ಮೂರು ವಾರದವರೆಗೆ ಕಾಯಬೇಕಾಗುತ್ತದೆ. ದುಡುಕಬೇಡಿ.

ಗ್ರೂಪ್ ಚಾಟ್‌ನಲ್ಲಿ?

ಅಲ್ಲೂ ಬರುತ್ತದೆ. ನೋಡಿದ ಒಬ್ಬೊಬ್ಬರ ಫೋಟೊ ಸಾಲಾಗಿ ಸೇರಿಕೊಳ್ಳುತ್ತದೆ.

ಹೆಸರಿನ ಪಕ್ಕ ಹಸಿರು ಚುಕ್ಕಿ ಇತ್ತು. ಆನ್‌ಲೈನ್ ಇದ್ದೂ ನನ್ನ ಮೆಸೇಜ್ ನೋಡಿಲ್ಲ ಅಂದ್ರೆ?

ಹಸಿರು ಚುಕ್ಕಿ ಬೇರೆ ಲೆಕ್ಕ. ತುಂಬಿದ ಹಸಿರು ಚುಕ್ಕಿ ಅಂದರೆ ಅವರು ಆಗ ಲಿಂಕ್ಡ್‌ಇನ್‌ನಲ್ಲಿ ಇದ್ದಾರೆ. ನಡುವೆ ಬಿಳಿ ಇರುವ ಹಸಿರು ಬಳೆ ಅಂದರೆ ಅವರು ಈಗ ಅಲ್ಲಿಲ್ಲ, ಆದರೆ ಫೋನಿಗೆ ನೋಟಿಫಿಕೇಶನ್ ಹೋಗುತ್ತದೆ. ಈ ಎರಡನೆಯದನ್ನು ನೋಡಿ ‘ಆನ್‌ಲೈನ್ ಇದ್ದಾರೆ’ ಅಂದುಕೊಂಡು ಕೊರಗುವವರೇ ಜಾಸ್ತಿ. ಚುಕ್ಕಿ ಅಡಗಿಸುವ ಸೆಟ್ಟಿಂಗ್ ‘ವಿಸಿಬಿಲಿಟಿ’ ಭಾಗದಲ್ಲಿ ಬೇರೆಯಾಗಿ ಇದೆ. ರೀಡ್ ರಿಸೀಟ್ ಆಫ್ ಮಾಡಿದರೆ ಚುಕ್ಕಿ ಹೋಗುವುದಿಲ್ಲ. ನೀವು ಯಾರ ಪ್ರೊಫೈಲ್ ನೋಡಿದಿರಿ ಅಂತ ಅವರಿಗೆ ಕಾಣುವುದು ಇನ್ನೊಂದು ಸೆಟ್ಟಿಂಗ್. ಮೂರನ್ನೂ ಒಂದೇ ಅಂದುಕೊಂಡು ಒಂದನ್ನು ಮುಚ್ಚಿ ನಿಶ್ಚಿಂತೆಯಿಂದ ಇರಬೇಡಿ.

ನೋಡಿಬಿಟ್ಟೆ. ‘ಅನ್‌ರೀಡ್’ ಅಂತ ಗುರುತು ಹಾಕಿದರೆ ಅವರ ಕಡೆ ಫೋಟೊ ಮಾಯವಾಗುತ್ತದಾ?

ಇಲ್ಲ. ಆ ಗುರುತು ನಿಮ್ಮ ನೆನಪಿಗೆ, ಆಮೇಲೆ ಉತ್ತರ ಕೊಡಲು. ಅವರ ಕಡೆ ಹೋದದ್ದು ಹೋಯಿತು. ಏರೋಪ್ಲೇನ್ ಮೋಡ್ ಹಾಕಿ ಓದುವ ಉಪಾಯವನ್ನೂ ಜನ ಹೇಳಿಕೊಡುತ್ತಾರೆ. ನೆಟ್ ವಾಪಸ್ ಬಂದ ಕೂಡಲೇ ಬಾಕಿ ಉಳಿದದ್ದೆಲ್ಲ ಹೋಗಿ ಬಿಡಬಹುದು. ಅಷ್ಟು ಕಷ್ಟಪಡುವ ಬದಲು ಸ್ವಿಚ್ ಆಫ್ ಮಾಡಿ.

ತಪ್ಪು ಕಂಪನಿ ಹೆಸರು ಹಾಕಿ ಕಳಿಸಿಬಿಟ್ಟೆ! ಅವರು ನೋಡುವ ಮೊದಲು ಏನು ಮಾಡಲಿ?

ಕಳಿಸಿದ 60 ನಿಮಿಷದೊಳಗೆ ತಿದ್ದಬಹುದು, ಅಳಿಸಲೂಬಹುದು. ತಿದ್ದಿದರೆ ತಿದ್ದಿದ್ದು ಅಂತ ಅಲ್ಲಿ ಕಾಣುತ್ತದೆ. ಅಳಿಸಿದರೆ ಇಲ್ಲಿದ್ದ ಮೆಸೇಜ್ ಅಳಿಸಲಾಗಿದೆ ಅನ್ನುವ ಸಾಲು ಉಳಿಯುತ್ತದೆ. ನೋಟಿಫಿಕೇಶನ್‌ನಲ್ಲೋ ಇ-ಮೇಲ್‌ನಲ್ಲೋ ಮೂಲ ಮೆಸೇಜ್ ಅಷ್ಟರಲ್ಲಿ ಹೋಗಿದ್ದರೆ ಅದನ್ನು ಹಿಂದೆ ತರಲಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಅಳಿಸುವುದಕ್ಕಿಂತ ತಿದ್ದುವುದೇ ಮೇಲು. ಅಳಿಸಿದ ಜಾಗ ನೋಡಿದರೆ ಯಾರಿಗಾದರೂ ‘ಏನಿತ್ತಪ್ಪ ಇಲ್ಲಿ’ ಅನ್ನಿಸುತ್ತದೆ.

ಟೈಪ್ ಮಾಡುತ್ತಿರುವ ಚುಕ್ಕಿ ಬಂತು, ಹೋಯಿತು. ಏನೂ ಬರಲಿಲ್ಲ.

ಅವರ ಕ್ಯಾಬ್ ಬಂದಿರಬಹುದು. ಯೋಚಿಸಿ ಬರೆಯೋಣ ಅಂತ ಬಿಟ್ಟಿರಬಹುದು. ಮುಂದಿನ ಪ್ರಶ್ನೆಗೆ ಹೋಗೋಣ.

ಎಚ್‌ಆರ್ ನೋಡಿ ಹತ್ತು ದಿನವಾಯಿತು. ಯಾಕೆ ಉತ್ತರ ಕೊಡುತ್ತಿಲ್ಲ?

ಎಲ್ಲರೂ ಕೇಳಲು ಬಂದಿರುವುದು ಇದನ್ನೇ ಅಂತ ನನಗೂ ಗೊತ್ತು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ನೀವು ಕಳಿಸಿದ ಮೆಸೇಜನ್ನೇ ಒಮ್ಮೆ ತೆಗೆದು ನೋಡಿ. ನನಗೆ ತೋರಿಸುವ ಚಾಟ್‌ಗಳಲ್ಲಿ ಅರ್ಧಕ್ಕರ್ಧ “ಹಾಯ್ ಸರ್” ಅಂತ ಶುರುವಾಗಿ ಅಲ್ಲೇ ನಿಂತಿರುತ್ತವೆ. ಅಥವಾ “ನಮಸ್ತೆ ಮೇಡಂ, ಹೇಗಿದ್ದೀರಿ?” ಅವರು ಹೂಂ ಅಂದ ಮೇಲೆ ವಿಷಯ ಹೇಳೋಣ ಅಂತ ಇವರು ಕಾಯುತ್ತಾರೆ. ಮನೆಗೆ ಬಂದವರು ಕೂತು, ನೀರು ಕುಡಿದು, ಮಳೆ ಬೆಳೆ ವಿಚಾರಿಸಿ ಆಮೇಲೆ ಬಂದ ಕೆಲಸ ಹೇಳುವುದು ನಮ್ಮ ಪದ್ಧತಿ. ಒಳ್ಳೆಯ ಪದ್ಧತಿಯೇ. ಆದರೆ ದಿನಕ್ಕೆ ನೂರಾರು ಮೆಸೇಜ್ ನೋಡುವವರ ಇನ್‌ಬಾಕ್ಸ್ ಅಂದರೆ ಜಗಲಿಯಲ್ಲ, ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರ್. ಅಲ್ಲಿ ಹೋಗಿ ‘ನಮಸ್ಕಾರ’ ಅಂದು ಸುಮ್ಮನೆ ನಿಂತರೆ ಒಳಗಿರುವವರು ಹಿಂದಿನವರನ್ನು ಕರೆಯುತ್ತಾರೆ. ಅವರು ನಿಮ್ಮ ಮೆಸೇಜ್ ನೋಡಿದ್ದು ನಿಜ. ಉತ್ತರಿಸಲು ಅದರಲ್ಲಿ ಪ್ರಶ್ನೆಯೇ ಇರಲಿಲ್ಲ.

ಇನ್ನೊಂದು ಜಾತಿ ಇದೆ. ನಾಲ್ಕು ಪ್ಯಾರಾ ಜೀವನ ಚರಿತ್ರೆ, ಕೊನೆಗೆ “ದಯವಿಟ್ಟು ಯಾವುದಾದರೂ ಕೆಲಸ ಇದ್ದರೆ ತಿಳಿಸಿ”. ಯಾವುದಾದರೂ ಅಂದರೆ ಅವರು ಎಲ್ಲಿ ಅಂತ ಹುಡುಕಬೇಕು?

ಮೆಸೇಜ್ ಸರಿಯಾಗಿದ್ದರೂ ಉತ್ತರ ಬರದೇ ಇರಲು ನೂರು ಕಾರಣ ಇರುತ್ತವೆ. ಆ ಹುದ್ದೆಗೆ ಒಳಗಿನವರನ್ನೇ ತೆಗೆದುಕೊಂಡಿರಬಹುದು. ಬಜೆಟ್ ನಿಂತಿರಬಹುದು. ಹೇಳಲು ಒಳ್ಳೆಯ ಸುದ್ದಿ ಇಲ್ಲ, ಕೆಟ್ಟದ್ದು ಹೇಳಲು ಮನಸ್ಸಿಲ್ಲ. ರಿಕ್ರೂಟರ್ ಅಮೆರಿಕದಲ್ಲಿದ್ದರೆ ನಿಮ್ಮ ಬೆಳಗಿನ ಹತ್ತು ಗಂಟೆ ಅವರ ಮಲಗುವ ಹೊತ್ತು. ಹಾಸಿಗೆಯಲ್ಲಿ ಮಲಗಿ ನೋಡಿರುತ್ತಾರೆ, ಬೆಳಿಗ್ಗೆ ಎದ್ದಾಗ ಅದು ಪಟ್ಟಿಯಲ್ಲಿ ಕೆಳಗೆ ಹೋಗಿರುತ್ತದೆ. ಒಮ್ಮೆ ತೆರೆದ ಮೆಸೇಜ್‌ಗೆ ದಪ್ಪಕ್ಷರ ಹೋಗಿಬಿಡುತ್ತದಲ್ಲ, ಅದು ಮತ್ತೆ ಕಣ್ಣಿಗೆ ಬೀಳುವುದು ಕಷ್ಟ.

ನನಗೇ ಆದದ್ದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯವರಿಗೆ ಎರಡನೇ ಸುತ್ತಿನ ಇಂಟರ್‌ವ್ಯೂ ಆದ ಮೇಲೆ ಬರೆದೆ. ಅದೇ ನಿಮಿಷ ಫೋಟೊ ಬಂತು. ಆಮೇಲೆ ಮೌನ. ದಿನಕ್ಕೆ ಹತ್ತು ಸಲ ಆ ಚಾಟ್ ತೆಗೆದು ನೋಡುತ್ತಿದ್ದೆ, ಫೋಟೊ ನೋಡಿ ನೋಡಿ ಅವರ ಟೈ ಮೇಲಿನ ಗೆರೆಗಳೂ ಬಾಯಿಪಾಠವಾದವು. ಬೇರೆ ಕೆಲಸಕ್ಕೆ ಸೇರಿ ಎರಡು ತಿಂಗಳಾದ ಮೇಲೆ ಅವರಿಂದ ಉತ್ತರ ಬಂತು: “ಸಾರಿ, ಪೆಟರ್ನಿಟಿ ಲೀವ್‌ನಲ್ಲಿದ್ದೆ. ನೀವಿನ್ನೂ ಹುಡುಕುತ್ತಿದ್ದೀರಾ?” ನಾನು ಅಷ್ಟು ದಿನ ಅವರ ಮೇಲೆ ಕಟ್ಟಿದ ಕಥೆಗಳಲ್ಲಿ ಮಗು ಮಾತ್ರ ಇರಲೇ ಇಲ್ಲ.

ಮತ್ತೆ ಯಾವಾಗ ಬರೆಯಬೇಕು? ಏನಂತ ಬರೆಯಬೇಕು?

ಒಂದು ವಾರ ಬಿಡಿ. ಕೆಲಸದ ದಿನ ಬೆಳಿಗ್ಗೆ ಬರೆಯಿರಿ. “ನೀವು ಮೆಸೇಜ್ ನೋಡಿದ್ದೀರಿ ಅಂತ ಕಾಣಿಸುತ್ತಿದೆ” ಅಂತ ಮಾತ್ರ ಬರೆಯಬೇಡಿ. ನಿಜ ಇರಬಹುದು, ಆದರೆ ಕಿಟಕಿಯಲ್ಲಿ ಇಣುಕಿದ ಹಾಗಾಗುತ್ತದೆ. ಹೊಸದೊಂದು ವಿಷಯ ಸೇರಿಸಿ, ಒಂದು ಸಾಲಿನಲ್ಲಿ ಉತ್ತರ ಕೊಡಬಹುದಾದ ಪ್ರಶ್ನೆ ಕೇಳಿ. ಹೀಗೆ:

“ನಮಸ್ಕಾರ ಮೇಡಂ, ಹೋದ ಮಂಗಳವಾರ ಟೆಸ್ಟಿಂಗ್ ಹುದ್ದೆಯ ಬಗ್ಗೆ ಬರೆದಿದ್ದೆ. ನನ್ನ ನೋಟಿಸ್ ಪೀರಿಯಡ್ ಈಗ 90 ದಿನದಿಂದ 30ಕ್ಕೆ ಇಳಿದಿದೆ. ಆ ಹುದ್ದೆ ಇನ್ನೂ ಖಾಲಿ ಇದೆಯಾ?”

ಇದಕ್ಕೆ ‘ಇದೆ’ ಅಥವಾ ‘ಇಲ್ಲ’ ಅಂದರೆ ಸಾಕು. ನಿಮ್ಮ ಕಾಲೇಜಿನ ಸೀನಿಯರ್ ಆಗಿದ್ದರೆ ಮೇಡಂ ಬದಲು ಅಕ್ಕ, ಅಣ್ಣ ಅನ್ನಿ, ತಪ್ಪೇನಿಲ್ಲ. ಎರಡನೆಯ ಸಲವೂ ಸುದ್ದಿ ಇಲ್ಲದಿದ್ದರೆ ಅಲ್ಲಿಗೆ ಬಿಟ್ಟು ಅದೇ ಕಂಪನಿಯ ಬೇರೆಯವರನ್ನು ಹುಡುಕಿ. ಮೂರನೆಯ ಮೆಸೇಜಿಗೆ ಉತ್ತರ ಬಂದದ್ದನ್ನು ನಾನು ಬಹಳ ಕಡಿಮೆ ನೋಡಿದ್ದೇನೆ.

ನಾನೇ ನೋಡಿ ಉತ್ತರ ಕೊಡದೆ ಕೂತಿದ್ದೇನೆ. ಈಗ ನಾಚಿಕೆ ಆಗುತ್ತಿದೆ.

“ತಡವಾಯಿತು, ಕ್ಷಮಿಸಿ” ಅಂತ ಎರಡು ಪದ ಹಾಕಿ ವಿಷಯಕ್ಕೆ ಬನ್ನಿ. ಕಾರಣಗಳ ಪಟ್ಟಿ ಬೇಡ. ತಕ್ಷಣ ಉತ್ತರ ಇಲ್ಲದಿದ್ದರೆ “ನೋಡಿದೆ, ಶುಕ್ರವಾರ ಹೇಳುತ್ತೇನೆ” ಅಂತ ಆಗಲೇ ಬರೆದುಬಿಟ್ಟರೆ ಈ ನಾಚಿಕೆಯ ಹಂತಕ್ಕೆ ಬರುವುದೇ ಇಲ್ಲ.

ನಿಮ್ಮ ಲೆಕ್ಕದಲ್ಲಿ ಆನ್ ಇಡಬೇಕಾ, ಆಫ್ ಇಡಬೇಕಾ?

ಕೆಲಸ ಹುಡುಕುವವರು ಆಫ್ ಇಡಿ. ಬೇರೆಯವರಿಂದ ಅಡಗಿಕೊಳ್ಳಲು ಅಲ್ಲ, ನಿಮ್ಮ ನಿದ್ದೆಗೆ. ಟೈ ಗೆರೆಗಳ ಆ ಪ್ರಸಂಗದ ನಂತರ ನಾನು ಆಫ್ ಮಾಡಿದವನು ಮತ್ತೆ ಆನ್ ಮಾಡಿಲ್ಲ. ಒಂದೇ ತಂಡದವರು, ಗಿರಾಕಿಗಳ ಜೊತೆ ದಿನವೂ ಮಾತಾಡುವವರು ಆನ್ ಇಟ್ಟರೆ ಅನುಕೂಲ. ‘ಸಿಕ್ಕಿತು’ ಅಂತ ಪ್ರತಿ ಸಲ ಬರೆಯುವುದು ತಪ್ಪುತ್ತದೆ.

ವಾಟ್ಸಾಪ್, ಟೀಮ್ಸ್, ಮೇಲ್‌ಗಳಲ್ಲಿ ಹೇಗೆ?

ವಾಟ್ಸಾಪ್‌ನಲ್ಲಿ ಬ್ಲೂ ಟಿಕ್ ಬಂದದ್ದು 2014ರ ನವೆಂಬರಿನಲ್ಲಿ. ಜನ ಗಲಾಟೆ ಮಾಡಿದ ಮೇಲೆ ಆಫ್ ಮಾಡುವ ಅವಕಾಶವೂ ಬೇಗನೆ ಬಂತು. ಅಲ್ಲೂ ಕೊಟ್ಟು ತೆಗೆದುಕೊಳ್ಳುವ ಲೆಕ್ಕವೇ, ಆದರೆ ಗ್ರೂಪಿನಲ್ಲಿ ಆಫ್ ಆಗುವುದಿಲ್ಲ. ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ಕಣ್ಣಿನ ಗುರುತು ಬರುತ್ತದೆ, 20 ಜನರವರೆಗಿನ ಚಾಟ್‌ಗಳಲ್ಲಿ ಮಾತ್ರ. ಅದನ್ನು ಇಡಬೇಕಾ ಬೇಡವಾ ಅಂತ ಕಂಪನಿಯ ಐಟಿಯವರೇ ತೀರ್ಮಾನ ಮಾಡಿರಬಹುದು. ಆಫೀಸುಗಳಲ್ಲಿ ಬಳಸುವ ಇನ್ನೊಂದು ಚಾಟ್ ಆ್ಯಪ್ ಸ್ಲ್ಯಾಕ್‌ನಲ್ಲಿ ಈ ಗುರುತೇ ಇಲ್ಲ, ಅಲ್ಲಿನವರು ಪುಣ್ಯವಂತರು.

ಇ-ಮೇಲ್ ಕಥೆ ಬೇರೆ. ಉಚಿತ ಜಿಮೇಲ್‌ನಲ್ಲಿ ರೀಡ್ ರಿಸೀಟ್ ಕೇಳುವ ಅನುಕೂಲವಿಲ್ಲ, ಆಫೀಸು ಅಥವಾ ಶಾಲೆಯ ಅಕೌಂಟ್‌ಗಳಿಗೆ ಮಾತ್ರ ಇದೆ. ಕೆಲವರು ಮೇಲ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರ ಅಡಗಿಸಿ, ಅದು ಲೋಡ್ ಆದರೆ ಓದಿದರು ಅಂತ ಲೆಕ್ಕ ಹಿಡಿಯುತ್ತಾರೆ. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಹೊಸ ಪ್ರೈವಸಿ ಸೆಟ್ಟಿಂಗ್ ತಂದಿತು. ಅದನ್ನು ಆನ್ ಮಾಡಿದವರ ಫೋನಿನಲ್ಲಿ, ಅವರು ಮೇಲ್ ತೆರೆಯದಿದ್ದರೂ ಚಿತ್ರಗಳು ಮೊದಲೇ ಲೋಡ್ ಆಗುತ್ತವೆ. ಹಾಗಾಗಿ ಆ ಲೆಕ್ಕವೂ ಈಗ ನಂಬುವ ಹಾಗಿಲ್ಲ.

ಆಫ್ ಮಾಡಿದವರದ್ದೂ ತೋರಿಸುತ್ತೇವೆ ಅನ್ನುವ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿಕೊಳ್ಳಲಾ?

ಬೇಡ. ಇಂಥವನ್ನು ಬಳಸುವುದು ಲಿಂಕ್ಡ್‌ಇನ್ ನಿಯಮಕ್ಕೆ ವಿರುದ್ಧ, ಅಕೌಂಟ್ ತಡೆಹಿಡಿಯಬಹುದು. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಇಡೀ ಇನ್‌ಬಾಕ್ಸ್ ಓದುವ ಅನುಮತಿಯನ್ನು ಯಾರಿಗೋ ಕೊಟ್ಟ ಹಾಗಾಗುತ್ತದೆ.

ರಾಜೀನಾಮೆಯನ್ನು ಲಿಂಕ್ಡ್‌ಇನ್ ಮೆಸೇಜಿನಲ್ಲಿ ಕಳಿಸಿದೆ. ಮ್ಯಾನೇಜರ್ ಫೋಟೊ ಬಂದಿದೆ. ನೋಟಿಸ್ ಪೀರಿಯಡ್ ಶುರುವಾಯಿತಾ?

ಇದನ್ನು ನಿಜವಾಗಿಯೂ ಒಬ್ಬರು ಕೇಳಿದರು. ಇಲ್ಲಪ್ಪ, ಆ ಫೋಟೊ ನಂಬಿಕೊಂಡು ಕೂರಬೇಡಿ. ಇವತ್ತೇ ಆಫೀಸ್ ಮೇಲ್‌ನಿಂದ ಮ್ಯಾನೇಜರ್‌ಗೆ ಬರೆಯಿರಿ, ಎಚ್‌ಆರ್‌ಗೂ ಹಾಕಿ, ತಾರೀಕು ಸ್ಪಷ್ಟವಾಗಿರಲಿ. ಒಂದು ಪ್ರತಿ ನಿಮ್ಮ ಸ್ವಂತ ಮೇಲ್‌ಗೂ ಬರಲಿ, ಕೊನೆಯ ದಿನದ ನಂತರ ಆಫೀಸ್ ಮೇಲ್ ತೆರೆಯುವುದಿಲ್ಲ.